ಎರಡು ಹಸಿರು ಚುಕ್ಕೆ

ಹೊಳೆಯ ದಂಡೆಯಲ್ಲಿ ಒಂದು ಧರ್ಮಾಸ್ಪತ್ರೆ. ಅದರ ಹಿಂಬದಿಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಒಂದು ಕೋಣೆ. ಅಲ್ಲಿ ಕಾವಿ ಇಲ್ಲ, ಕಮಂಡಲ ಇಲ್ಲ. ಒಂದು ಸೂಕ್ಷ್ಮದರ್ಶಕ, ಎರಡು ಸ್ಟೂಲು. ಗುರುಕುಲ ಅಂದರೆ ಅಷ್ಟೇ.

ಗುರು, ಡಾಕ್ಟರ್ ದೇವಾಜಮ್ಮಣ್ಣಿ. ಶಿಷ್ಯ, ಡಾಕ್ಟರ್ ಪದ್ಮರಾಜ. ಓದು ಮುಗಿಸಿ ಬಂದ ಹೊಸ ಬಿಸಿ ಇನ್ನೂ ಆರಿರಲಿಲ್ಲ.

ಆ ಕೋಣೆಗೆ ಒಂದು ಕಟ್ಟಳೆಯಿತ್ತು. ಸ್ಲೈಡ್ ನೋಡುವಾಗ ರೋಗಿಯ ಲಕ್ಷಣ ಬರೆದ ಚೀಟಿಯನ್ನು ಬೋರಲು ಹಾಕಬೇಕು. ನೋಡಿ ಮುಗಿದ ಮೇಲೆ ಚೀಟಿ ತಿರುಗಿಸಿ ಓದಿ, ಆಮೇಲೆ ಬಾಯಿ ಬಿಡಬೇಕು.

ಆ ದಿನ ಪದ್ಮರಾಜ ಮೊದಲರ್ಧವನ್ನು ಚಾಚೂತಪ್ಪದೆ ಪಾಲಿಸಿದ. ಎರಡನೆಯರ್ಧಕ್ಕೆ ಅವನ ಸಂಭ್ರಮ ಬಿಡಲಿಲ್ಲ.

ಸಂಭ್ರಮವೂ ಸಣ್ಣದಲ್ಲ. ರೋಗಿಯ ರಕ್ತದ ತಿಳಿಯನ್ನು ಜೀವಕೋಶಗಳ ಮೇಲೆ ಹಾಕಿ, ಹಸಿರು ಬಣ್ಣ ಹೊಳೆಯಿಸಿ ನೋಡುವ ಪರೀಕ್ಷೆ ಅದು. ದೇಹ ತನ್ನ ಮೇಲೆ ತಾನೇ ಮುನಿದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಎರಡಾಗಲು ಹೊರಟ ಪ್ರತಿ ಕೋಶದ ಎರಡು ತುದಿಯಲ್ಲೂ ಅವನಿಗೆ ಒಂದೊಂದು ಚುಕ್ಕೆ ಕಂಡಿತು. ಸೆಂಟ್ರೊಸೋಮ್ ಮಾದರಿ ಅಂತ ಅದರ ಹೆಸರು. ಪುಸ್ತಕದಲ್ಲಷ್ಟೇ ನೋಡಿದ್ದ. ಸಾವಿರಾರು ಸ್ಲೈಡ್‌ಗಳಲ್ಲಿ ಎಲ್ಲೋ ಒಂದು.

ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಆಚೆ ಓಡಿ, ಜಗಲಿಯಲ್ಲಿ ಕೂತಿದ್ದ ಮಾದೇವಿಗೆ ಹೇಳಿಯೇಬಿಟ್ಟ.

"ತುಂಬಾ ಅಪರೂಪದ್ದು ಸಿಕ್ಕಿದೆ ನಿಮ್ಮ ರಕ್ತದಲ್ಲಿ. ಚರ್ಮ ಗಟ್ಟಿಯಾಗೋ ಕಾಯಿಲೆಯವರಲ್ಲಿ ಬರುತ್ತೆ."

ಮಾದೇವಿ ವೀಳ್ಯದೆಲೆ ಮಾರುವವಳು. ಬೆಳಗಿನ ತಣ್ಣೀರಿನಲ್ಲಿ ಎಲೆ ಅದ್ದುವಾಗ ಬೆರಳು ಬೆಳ್ಳಗಾಗುತ್ತದೆ ಅಂತ ತೋರಿಸಲು ಬಂದಿದ್ದಳು. ಮಡಿಲಲ್ಲಿ ಐದು ತಿಂಗಳ ಕೂಸಿತ್ತು. ಅವಳು ಏನೂ ಕೇಳದೆ ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು.

"ಯಾಕಮ್ಮ ಬಾಟಲಿ?" ಗುರು ಕೇಳಿದರು.

"ನನ್ ಕಾಯ್ಲೆ ಹಾಲಲ್ಲಿ ಮಗೀಗೂ ಹೋದ್ರೆ ಅಂತ ನಿನ್ನೆಯಿಂದ ಕುಡ್ಸಿಲ್ಲ ಕಣವ್ವ." ಮಾದೇವಿಯ ರವಿಕೆ ಒದ್ದೆಯಾಗಿತ್ತು. ಕಣ್ಣೂ.

ಗುರು ಶಿಷ್ಯನನ್ನು ನೋಡಿದರು. ಅವನು ನೆಲ ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಸ್ವಲ್ಪ ತಡಿಯವ್ವ, ಬಂದೆ" ಎಂದು ಅವರು ಅವನನ್ನು ಕತ್ತಲೆ ಕೋಣೆಗೆ ಕರೆದೊಯ್ದರು. ಅವನ ಸ್ಲೈಡಿನ ಪಕ್ಕದಲ್ಲಿ ಫ್ರಿಜ್ಜಿನಿಂದ ತೆಗೆದ ಇನ್ನೊಂದನ್ನು ಇಟ್ಟರು. ಅದಕ್ಕೆ ಹೆಸರಿರಲಿಲ್ಲ.

"ನೋಡು. ಯಾರಿಗೆ ಹೆಚ್ಚು ಕಷ್ಟ?"

ಪದ್ಮರಾಜ ನೋಡಿದ. ಎರಡರಲ್ಲೂ ಅವೇ ಚುಕ್ಕೆಗಳು. ಎರಡನೆಯದರಲ್ಲಿ ಇನ್ನೂ ಪ್ರಖರ.

"ಎರಡನೆಯವರಿಗೆ ಮೇಡಂ. ಪಾಪ, ಅವರ ಕಥೆ ಮುಗಿದ ಹಾಗೆಯೇ."

"ಎರಡನೆಯದು ನಂದು."

ಶಿಷ್ಯ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಅವರತ್ತ ತಿರುಗಿದ.

"ನಿನ್ನ ವಯಸ್ಸಿನಲ್ಲಿ ಈ ಪರೀಕ್ಷೆ ಕಲಿತೆ. ಆರೋಗ್ಯವಂತರ ಸ್ಲೈಡ್ ಒಂದು ಹೋಲಿಕೆಗೆ ಬೇಕಲ್ಲ? ನನಗಿಂತ ಗಟ್ಟಿಮುಟ್ಟು ಯಾರು ಅಂತ ನನ್ನದೇ ರಕ್ತ ಹಾಕಿದೆ. ದೀಪಾವಳಿ ಹಾಗೆ ಹೊಳೀತು."

"ಆಮೇಲೆ?"

"ಆಮೇಲೇನು, ಪುಸ್ತಕ ತೆಗೆದು ಓದಿದೆ. ತಿಂಗಳುಗಟ್ಟಲೆ ಊಟ ಸೇರಲಿಲ್ಲ. ದಿನಾ ಕನ್ನಡಿ ಮುಂದೆ ನಿಂತು ಕೆನ್ನೆ ಚಿವುಟಿ ನೋಡ್ಕೊಳ್ತಿದ್ದೆ."

"ಹಾಗಾದ್ರೆ ಈ ಚುಕ್ಕೆ ಏನೂ ಅಲ್ವಾ ಮೇಡಂ?"

"ಕೆಲವರಲ್ಲಿ ನೀನು ಹೇಳಿದ ಕಾಯಿಲೆಯೇ. ಕೆಲವರಲ್ಲಿ ಥೈರಾಯ್ಡ್. ಎಷ್ಟೋ ಜನರಲ್ಲಿ ಏನೂ ಇಲ್ಲ."

"ಮಾದೇವಿಯಲ್ಲಿ?"

"ಅವಳ ಕೈ ಮುಟ್ಟಿ ನೋಡಿದೆಯಾ?"

ಪದ್ಮರಾಜ ಮುಟ್ಟಿರಲಿಲ್ಲ. ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಅದು ಹೊಳೆದಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅವನು ಆಚೆ ಬಂದು ಮಾದೇವಿಯ ಎದುರು ನೆಲದ ಮೇಲೆ ಕುಳಿತ. ಒಂದೊಂದೇ ಬೆರಳು ಹಿಡಿದ. ಚರ್ಮ ಬೆಚ್ಚಗಿತ್ತು, ಎಳೆದರೆ ಮೆತ್ತಗೆ ಮಡಿಕೆಯಾಗುತ್ತಿತ್ತು. ಬೆರಳ ತುದಿಯಲ್ಲಿ ಹುಣ್ಣಿಲ್ಲ. ಉಗುರಿನ ಬುಡ ನೋಡಿದ, ಕೆನ್ನೆ ನೋಡಿದ. ನುಂಗಲು ಕಷ್ಟವೇ, ಉಸಿರು ಕಟ್ಟುತ್ತದೆಯೇ ಎಂದು ಕೇಳಿದ. ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸಿದಳು.

"ನಿನ್ನೆ ನಾನು ದುಡುಕಿ ಮಾತಾಡಿದೆ, ಮಾದೇವಿ. ತಪ್ಪಾಯ್ತು."

"ಹಂಗಾರೆ ನಂಗೆ ಕಾಯ್ಲೆ ಇಲ್ವಾ ಸಾ?"

'ಏನೂ ಇಲ್ಲ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಳುವ ಕೂಸನ್ನು ಕಂಡು ಯಾರಿಗಾದರೂ ಬರುವಂಥದ್ದೇ. ಹಿಂದೆ ನಿಂತಿದ್ದ ಗುರು ಸಣ್ಣಗೆ ಕೆಮ್ಮಿದರು.

ಪದ್ಮರಾಜ ಆ ಮಾತನ್ನು ನುಂಗಿಕೊಂಡ.

"ಇವತ್ತು ನಿಮ್ಮ ಕೈಯಲ್ಲಿ ನನಗೆ ಅಂಥ ಕಾಯಿಲೆ ಕಾಣಿಸ್ತಿಲ್ಲ. ಆದ್ರೆ ಬೆರಳು ಬೆಳ್ಳಗಾಗುತ್ತೆ ಅಂದ್ರಲ್ಲ, ಅದಕ್ಕೆ ಆಗಾಗ ಬಂದು ತೋರಿಸ್ತಾ ಇರಿ. ಇನ್ನೂ ಒಂದೆರಡು ಪರೀಕ್ಷೆ ಮಾಡೋಣ. ಎಲೆ ಅದ್ದೋಕೆ ಉಗುರುಬೆಚ್ಚಗಿನ ನೀರು ಇಟ್ಕೊಳ್ಳಿ."

"ಹಾಲು?"

"ಕುಡಿಸಿ. ಈಗ್ಲೇ ಕುಡಿಸಿ. ಆ ಚುಕ್ಕೆಯಿಂದ ನಿಮ್ಮ ಹಾಲಿಗೆ ಏನೂ ಆಗಲ್ಲ."

ಮಾದೇವಿ ಕಂಬದ ಕಡೆ ತಿರುಗಿ ಸೆರಗು ಹೊದ್ದಳು. ಕೂಸಿನ ಅಳು ಅರ್ಧಕ್ಕೆ ನಿಂತಿತು. ಗಟಗಟ ಕುಡಿಯುವ ಸದ್ದು ಜಗಲಿಯ ಉದ್ದಕ್ಕೂ ಕೇಳಿಸಿತು.

ಪದ್ಮರಾಜ ಒಳಗೆ ಹೋಗಿ ವರದಿ ಬರೆದ. ಕಂಡ ಮಾದರಿಯ ಹೆಸರು ಬರೆದ. ರೋಗಿಯ ಲಕ್ಷಣಗಳ ಜೊತೆಯಲ್ಲೇ ನೋಡಬೇಕು ಎಂದು ಬರೆದ. ಕಾಯಿಲೆಯ ಹೆಸರು ಬರೆಯಲಿಲ್ಲ.

ಗುರು ಓದಿ, ಸಹಿ ಹಾಕಿ, ತಮ್ಮ ಸ್ಲೈಡನ್ನು ಫ್ರಿಜ್ಜಿನಲ್ಲಿಟ್ಟರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಮೇಡಂ, ನಿಮ್ಮ ಚುಕ್ಕೆಗಳು? ಅವುಗಳ ಅರ್ಥ ಏನು?"

"ನಾನೂ ಮೂವತ್ತು ವರ್ಷದಿಂದ ಅದನ್ನೇ ಕೇಳ್ತಿದೀನಿ ಕಣಪ್ಪ. ಕೇಳ್ತಾ ಕೇಳ್ತಾನೇ ಎರಡು ಮಕ್ಕಳಿಗೆ ಹಾಲು ಕುಡಿಸಿ ದೊಡ್ಡವರನ್ನ ಮಾಡಿದೆ."