ಐದು ಹುಣಸೆ ಬೀಜದ ತೂಕ

“ಬುದ್ಧಿ, ಅಳತೆ ಮೀರುವವರನ್ನು ತಿದ್ದುವುದು ಹೇಗೆ?” ಎಂದು ಗುರುಪಾದ ತನ್ನ ಗುರುಗಳನ್ನು ಕೇಳಿದ.

ಅವನು ಮಠದ ದಾಸೋಹದಲ್ಲಿ ಅನ್ನ ಬಡಿಸುವ ಶಿಷ್ಯ. ಪಂಕ್ತಿ ಆಗಷ್ಟೇ ಮುಗಿದಿತ್ತು. “ನಾನು ಎಲೆಗೊಂದು ಸೌಟು ಎಂದು ಸರಿಯಾಗಿ ಬಡಿಸುತ್ತೇನೆ. ಗೌಡರು ಬಂದರೂ ಅಷ್ಟೇ, ದಾರಿಹೋಕ ಬಂದರೂ ಅಷ್ಟೇ. ನನ್ನ ಹಿಂದೆ ರುದ್ರಮುನಿ ಬರುತ್ತಾನೆ. ಕೇಳಿದವರಿಗೂ ಕೇಳದವರಿಗೂ ಇನ್ನಷ್ಟು ಹಾಕುತ್ತಾ ಹೋಗುತ್ತಾನೆ. ಹೇಳಿ ಹೇಳಿ ನನಗೆ ಸಾಕಾಗಿದೆ.”

ಗುರುಗಳು ನಕ್ಕರು. “ಮೊದಲು ಆ ಸೌಟು ಕೆಳಗಿಟ್ಟು ಕೂತುಕೋ. ನಿನ್ನ ಕೈಯಲ್ಲಿ ಅದನ್ನು ಕಂಡರೆ ನನಗೇ ಭಯವಾಗುತ್ತದೆ” ಎಂದು ಕತೆ ಶುರುಮಾಡಿದರು.

ಒಂದು ಸಣ್ಣ ಪಟ್ಟಣದಲ್ಲಿ ತಕ್ಕಡಿ ಮಾಡುವ ಆಚಾರಿ ಒಬ್ಬನಿದ್ದ. ಕೆಲಸದಲ್ಲಿ ಬಲು ಗಟ್ಟಿಗ. ಊರಿನ ಬಾವಿಕಟ್ಟೆ ಬಿರುಕು ಬಿಟ್ಟರೆ ಗಾರೆ ಕಲಸಲು ಮೊದಲು ಬರುವವನು ಅವನು. ಯಾರ ಮನೆಯಲ್ಲಿ ಸಾವಾದರೂ ಹೆಗಲು ಕೊಡಲು ಮೊದಲು ಬರುವವನೂ ಅವನೇ. ಮಂಗಳವಾರದ ಸಂತೆಯ ದಿನ ಅಂಗಡಿ ಮುಚ್ಚಿ, ಸಂತೆಯ ಬಾಗಿಲಿನ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದ. ಮಾರುವವರೆಲ್ಲ ತಮ್ಮ ತೂಕದ ಬಟ್ಟುಗಳನ್ನು ತಂದು ಅವನ ಮುಂದಿಡುತ್ತಿದ್ದರು. ಅವನ ಬಳಿ ಒಂದು ಸೇರಿನ ಹಿತ್ತಾಳೆಯ ಬಟ್ಟು ಇತ್ತು. ಅದಕ್ಕೆ ಅವರ ಕಬ್ಬಿಣದ ಬಟ್ಟನ್ನು ತೂಗಿ ನೋಡುತ್ತಿದ್ದ. ಹೆಚ್ಚಿದ್ದರೆ ಅರದಿಂದ ಉಜ್ಜುತ್ತಿದ್ದ, ಕಡಿಮೆಯಿದ್ದರೆ ಅಡಿಯ ಕುಳಿಗೆ ಸೀಸ ಹುಯ್ಯುತ್ತಿದ್ದ. ಈ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ, ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮೂವತ್ತು ವರ್ಷ ಹೀಗೇ ನಡೆಯಿತು. ಅವನು ಬಂದರೆ ಊರು ಎದ್ದು ನಿಲ್ಲುತ್ತಿತ್ತು. ಅವನಿಗೂ ಅದು ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವನಿಗೆ ಆಗದಿದ್ದದ್ದು ಒಂದೇ, ಕೊಸರು. ತೂಗಿ ಆದ ಮೇಲೆ ಮಾರುವವರು ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಅದು. ನಾನು ಇಷ್ಟು ಕಷ್ಟಪಟ್ಟು ತೂಕ ಸರಿಮಾಡಿ ಕೊಟ್ಟ ಮೇಲೆ ಇವರು ಕೊಸರು ಹಾಕುವುದೆಂದರೆ ನನ್ನ ತಕ್ಕಡಿಗೇ ಅವಮಾನ ಎಂದುಕೊಳ್ಳುತ್ತಿದ್ದ. ಮೆಣಸಿನಕಾಯಿ ಮಾರುವ ಕೆಂಚಮ್ಮನಿಗಂತೂ ವಾರವಾರವೂ ಬೈಗುಳ. ಅವಳು ತಲೆಯಾಡಿಸುತ್ತಿದ್ದಳು, ಅವನು ಅತ್ತ ತಿರುಗಿದೊಡನೆ ಕೊಸರು ಹಾಕುತ್ತಿದ್ದಳು. ಥೇಟ್ ನಮ್ಮ ರುದ್ರಮುನಿಯ ಹಾಗೆ.

ಹಿತ್ತಾಳೆಯ ಬಟ್ಟು ಅವನ ಗುರು ಕೊಟ್ಟದ್ದು. ಅದೆಂದರೆ ಅವನಿಗೆ ದೇವರು. ಪ್ರತಿ ಸೋಮವಾರ ಸಂಜೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಫಳಫಳ ಹೊಳೆಯುವ ತನಕ ಉಜ್ಜಿ, ವಿಭೂತಿ ಹಚ್ಚಿ ಇಡುತ್ತಿದ್ದ. ಒಂದು ವಾರವೂ ತಪ್ಪಿಸಿದವನಲ್ಲ.

ಒಮ್ಮೆ ಪರಊರಿನ ವ್ಯಾಪಾರಿಯೊಬ್ಬ ತಕ್ಕಡಿ ಕೊಳ್ಳಲು ಬಂದ. ಪರೀಕ್ಷೆಗೆಂದು ತನ್ನದೂ ಒಂದು ಸೇರಿನ ಬಟ್ಟು ತಂದಿದ್ದ. ಆಚಾರಿ ಒಂದು ತಟ್ಟೆಯಲ್ಲಿ ಅದನ್ನಿಟ್ಟು, ಇನ್ನೊಂದರಲ್ಲಿ ತನ್ನದನ್ನಿಟ್ಟ. ವ್ಯಾಪಾರಿಯ ತಟ್ಟೆ ಕೆಳಗಿಳಿಯಿತು.

“ನಿಮ್ಮದು ಭಾರ ಇದೆ ಸ್ವಾಮಿ. ಕೊಡಿ, ಉಜ್ಜಿ ಸರಿಮಾಡ್ತೀನಿ” ಎಂದು ಆಚಾರಿ ಅರ ತೆಗೆದುಕೊಂಡ.

“ಇದಕ್ಕೆ ಸರ್ಕಾರದ ಮುದ್ರೆ ಬಿದ್ದು ಇನ್ನೂ ಎಂಟು ದಿನ ಆಗಿಲ್ಲ ಆಚಾರ್ರೇ. ನಿಮ್ಮದಕ್ಕೆ ಮುದ್ರೆ ಎಲ್ಲಿದೆ?”

ಆಚಾರಿ ತನ್ನ ಬಟ್ಟನ್ನು ತಿರುಗಿಸಿ ನೋಡಿದ. ಮುದ್ರೆ ಇರಲಿಲ್ಲ. ಅಕ್ಷರವೂ ಇರಲಿಲ್ಲ. ಎಲ್ಲವೂ ಅವನು ಉಜ್ಜಿ ಉಜ್ಜಿಯೇ ಸವೆದುಹೋಗಿತ್ತು. ವ್ಯಾಪಾರಿಯ ಬಟ್ಟು ಎದುರಿಗಿರುವಾಗಲೇ ತನ್ನ ತಟ್ಟೆಗೆ ಒಂದೊಂದಾಗಿ ಹುಣಸೆ ಬೀಜ ಹಾಕಿ ನೋಡಿದ. ಐದು ಬೀಜ ಹಾಕಿದಾಗ ತಕ್ಕಡಿ ಸಮನಾಯಿತು. ಊರಿನ ಬಟ್ಟುಗಳನ್ನೆಲ್ಲ ಅವನು ಇದಕ್ಕೇ ಸರಿಹೊಂದಿಸಿದ್ದ. ಅಂದರೆ ಇಡೀ ಸಂತೆ ಸೇರಿಗೆ ಐದು ಬೀಜದಷ್ಟು ಕಡಿಮೆ ತೂಗುತ್ತಿತ್ತು.

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಯಾರಿಗೂ ತಿಳಿಯದ ಹಾಗೆ ಹೊಸ ಬಟ್ಟು ತಂದು, ಇವತ್ತು ಒಬ್ಬರದು, ನಾಳೆ ಒಬ್ಬರದು ಎಂದು ಸೀಸ ಹುಯ್ದು ಸರಿಮಾಡಿಬಿಡಬಹುದಿತ್ತು. ಹೇಳಿದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಹೇಳದಿದ್ದರೆ ಇನ್ನು ಮೇಲೆ ಆ ಚಾಪೆಯ ಮೇಲೆ ಯಾವ ಮುಖ ಹೊತ್ತು ಕೂರುವುದು? ಪಾಪ, ತುಂಬಾ ಒದ್ದಾಡಿದ.

ಮಂಗಳವಾರ ಬಂತು. ಆಚಾರಿ ಚಾಪೆ ಹಾಸಲಿಲ್ಲ. ಸಂತೆಯ ನಡುವೆ ನಿಂತು ಹಿತ್ತಾಳೆಯ ಬಟ್ಟನ್ನು ಎತ್ತಿ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೊನೆಗೆ, “ನನ್ನಿಂದ ನೀವೆಲ್ಲ ಕಡಿಮೆ ತೂಗಿದಿರಿ. ಕೊಂಡವರಿಗೆಲ್ಲ ಮೋಸ ಆಗಿದೆ. ಇನ್ನು ಈ ಕೆಲಸ ಬೇರೆ ಯಾರಾದರೂ ಮಾಡಲಿ” ಎಂದು ಕೈಮುಗಿದ.

ಕೆಂಚಮ್ಮ ಸೆರಗು ಸರಿಮಾಡಿಕೊಂಡು ಎದ್ದು ಬಂದಳು.

“ಎಷ್ಟು ಕಮ್ಮಿ ಬಿದ್ದೈತೆ ಅಂದ್ರಿ?”

“ಸೇರಿಗೆ ಐದು ಹುಣಸೆ ಬೀಜದಷ್ಟು ತಾಯಿ.”

“ಅಷ್ಟೇನಾ? ನನ್ನ ಒಂದು ಹಿಡಿ ಕೊಸರಲ್ಲಿ ಅದರ ಎರಡರಷ್ಟು ಹೋಗ್ತದೆ. ಇಲ್ಲಿ ಎಲ್ಲರೂ ಹಾಕ್ತಾರೆ, ನಿಮ್ಮ ಕಣ್ಣು ತಪ್ಸಿ. ಯಾರಿಗೂ ಮೋಸ ಆಗಿಲ್ಲ, ಚಾಪೆ ಹಾಸ್ಕಂಡು ಕೂತ್ಕಳಿ ಆಚಾರ್ರೇ. ಬಿಸಿಲೇರ್ತಾ ಐತೆ.”

ಮೊದಲು ಒಬ್ಬರು ನಕ್ಕರು, ಆಮೇಲೆ ಸಂತೆಯೇ ನಕ್ಕಿತು. ಯಾರೋ ಹೋಗಿ ಚಾಪೆ ಹಾಸಿಯೂ ಬಿಟ್ಟರು. ಆಚಾರಿ ಕಣ್ಣೊರೆಸಿಕೊಂಡು ಕುಳಿತ. ಅವತ್ತು ಹಿತ್ತಾಳೆಯ ಬಟ್ಟಿನ ಜೊತೆ ಐದು ಬೀಜ ಇಟ್ಟು ತೂಗಿ, ಊರಿನ ಬಟ್ಟುಗಳಿಗೆಲ್ಲ ತನ್ನ ಕೈಯಾರೆ ಸೀಸ ಹುಯ್ದು ಕೊಟ್ಟ. ಸಂತೆ ಮುಗಿಯುವಾಗ ಕೆಂಚಮ್ಮನ ಹತ್ತಿರ ಒಂದು ಸೇರು ಮೆಣಸಿನಕಾಯಿ ಕೊಂಡ. ಅವಳು ತೂಗಿ ಸುರಿದಳು, ಮತ್ತೆ ರಾಶಿಗೆ ಕೈಹಾಕಿ ಅವನ ಮುಖ ನೋಡಿದಳು. ಅವನು ಚೀಲದ ಬಾಯಿ ಇನ್ನಷ್ಟು ಅಗಲ ಮಾಡಿ ಹಿಡಿದ. ಆಮೇಲೆ ಎಷ್ಟೋ ವರ್ಷ ಆ ಮರದ ಕೆಳಗೆ ಅವನೇ ಕುಳಿತ, ಹಿಂದಿಗಿಂತ ನೆಮ್ಮದಿಯಾಗಿ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಕತೆ ಹಿಡಿಸಿತ್ತು. “ಆ ಆಚಾರಿ ಪುಣ್ಯವಂತ ಬುದ್ಧಿ. ಅಂಥ ಊರು ಎಲ್ಲರಿಗೂ ಎಲ್ಲಿ ಸಿಗುತ್ತದೆ?” ಎಂದು ಸೌಟನ್ನೆತ್ತಿಕೊಂಡು ಏಳಲು ಹೋದ.

ಗುರುಗಳು ಅವನ ಕೈಯಿಂದ ಸೌಟನ್ನು ತೆಗೆದುಕೊಂಡು, ಸವೆದು ತಗ್ಗಿಹೋದ ಅದರ ಅಂಚಿನ ಮೇಲೆ ಬೆರಳಾಡಿಸಿ, ಅವನಿಗೇ ಹಿಂದಿರುಗಿಸಿದರು.

“ಗುರುಪಾದ, ನಿನ್ನ ಪಂಕ್ತಿಯಿಂದ ಇದುವರೆಗೆ ಯಾರೂ ಹಸಿದು ಎದ್ದಿಲ್ಲ, ಏಕೆಂದರೆ ನಿನ್ನ ಹಿಂದೆ ರುದ್ರಮುನಿ ಬರುತ್ತಾನೆ.”