ಕೆರೆಯ ಕಾಯಿದೆ

ಕೆರೆಯ ಏರಿ ಕಟ್ಟುತ್ತಿದ್ದ ಕಾಡುಹಂದಿಗಳ ಊಟಕ್ಕೆಂದು ಯಜಮಾನ ಆಮೆ ಕಾಯಿದೆ ಮಾಡಿತು: ನೀರಿಗೆ ಬಂದಾಗಲೆಲ್ಲ ಒಂದು ಹಣ್ಣು ಕೊಡಬೇಕು. ಆನೆ ದಿನಕ್ಕೊಮ್ಮೆ ಬಂದು ಹೊಟ್ಟೆ ತುಂಬ ಕುಡಿದು ಹೋಗುತ್ತಿತ್ತು. ತಾಯಿ ಗುಬ್ಬಿ ಮಾತ್ರ ಮರಿಗಾಗಿ ಕೊಕ್ಕಿನಲ್ಲಿ ಹನಿ ನೀರು ಒಯ್ಯಲು ಹತ್ತಾರು ಸಲ ಬರಬೇಕಿತ್ತು.

"ಅಜ್ಜ, ಸಿಕ್ಕಿದ್ದರಲ್ಲಿ ಪಾಲು ಕೇಳಿ, ಕೊಡುತ್ತೇನೆ. ಹೀಗಾದರೆ ನನಗೆ ಸಿಕ್ಕಿದ್ದೆಲ್ಲ ಇಲ್ಲಿಗೇ ಸರಿಹೋಗುತ್ತದೆ," ಎಂದಿತು ಗುಬ್ಬಿ.

"ಯಾರಿಗೆ ಎಷ್ಟು ಸಿಕ್ಕಿತೆಂದು ಹುಡುಕುತ್ತಾ ಕೂರಲೇ? ಎಲ್ಲರಿಗೂ ಒಂದೇ ಕಾಯಿದೆ, ಅದೇ ನ್ಯಾಯ," ಎಂದಿತು ಆಮೆ.

ಬಿರುಬೇಸಿಗೆಯಲ್ಲಿ ಅಷ್ಟು ಹಣ್ಣು ಸಿಗದೆ ಗುಬ್ಬಿ ಬರುವುದು ನಿಂತಿತು. ಆಮೆಗೆ ಅಳುಕು ಹುಟ್ಟಿತು. ತೆವಳುತ್ತಾ ಗುಬ್ಬಿಯ ಮರದಡಿಗೆ ಹೋಗಿ, "ಕಾಯಿದೆ ಬದಲಿಸುತ್ತೇನೆ, ನೀರಿಗೆ ಬಾರಮ್ಮಾ," ಎಂದು ಕೂಗಿತು.

"ಮರಿ ಬಾಯಾರಿ ಸತ್ತಿತು, ಅಜ್ಜ. ನನ್ನೊಬ್ಬಳಿಗಾದರೆ ಹಳೆಯ ಕಾಯಿದೆಯೇ ಸಾಕು," ಎಂದಿತು ಗುಬ್ಬಿ.