ಅಂಚಿನ ದುಂಡು ಗೋಡೆ

ಭೂಮಿಯ ಹಸಿ ಇನ್ನೂ ಆರಿರದ ಕಾಲ. ಆಗ ಜೇನುಗಳು ತಮಗೆ ತೋಚಿದಂತೆ ಮನೆ ಕಟ್ಟುತ್ತಿದ್ದವು. ಒಬ್ಬಳದು ಚೌಕ, ಒಬ್ಬಳದು ಮೂರು ಮೂಲೆ, ಇನ್ನೊಬ್ಬಳದು ಸೋರೆಬುರುಡೆಯ ಹಾಗೆ ಉದ್ದ.

ಸಂಪಿ ಎಂಬ ಜೇನಿನ ಮನೆ ದುಂಡು. ಅವಳ ಅಮ್ಮ ಕಟ್ಟಿದ್ದು. ಅಮ್ಮ ಒಂದು ದಿನ ಹೂವಿಗೆ ಹೋದವಳು ತಿರುಗಿ ಬರಲಿಲ್ಲ. ಸಂಜೆಯಾದರೆ ಸಂಪಿ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಗೋಡೆ ಅಮ್ಮನ ಮಡಿಲಿನಂತೆ ಬಾಗಿತ್ತು.

ಆದರೆ ಚೌಕಕ್ಕೂ ದುಂಡಿಗೂ ನಡುವೆ ಸಂದು. ಒಬ್ಬಳು ಮಾಡಿದ ಮುಚ್ಚಳ ಇನ್ನೊಬ್ಬಳ ಮನೆಗೆ ಕೂರದು. ಎಷ್ಟು ಮೇಣ ಮೆತ್ತಿದರೂ ಸಾಲದು. ತುಪ್ಪ ಸೋರಿತು, ಇರುವೆಗಳು ಸಾಲು ಹಿಡಿದವು.

"ಕಟ್ಟಿ ತಾಯಂದಿರೇ, ಕಟ್ಟಿ! ನಿಮ್ಮ ಸಂದೇ ನಮ್ಮ ಹೆಬ್ಬಾಗಿಲು" ಎಂದು ನಕ್ಕವು.

ಗಾಳಿ ಬಂದು ಕೇಳಿತು: "ಮಳೆ ಬೆಟ್ಟದಾಚೆ ನಿಂತಿದೆ. ಹೂವೆಲ್ಲ ಉದುರುತ್ತದೆ. ಮರಿಗಳಿಗೆ ಏನು ಉಳಿಸಿದ್ದೀರಿ?"

ಜೇನುಗಳು ತಮ್ಮ ಸೋರುವ ಮನೆಗಳತ್ತ ತಿರುಗಿ ನೋಡಿದವು.

ಹಿರಿಯಳಾದ ಕೆಂಚಜ್ಜಿ ಎಲ್ಲರನ್ನೂ ಕರೆದಳು. "ನಮ್ಮ ಹೊಟ್ಟೆ ಬೇರೆ, ಹಟ ಬೇರೆ. ತಲೆಯ ಮೇಲಿನ ಈ ಮೀಸೆ ಮಾತ್ರ ಎಲ್ಲರದೂ ಒಂದೇ ಉದ್ದ. ಇನ್ನು ಮೀಸೆಯೇ ಅಳತೆ. ಮನೆಗೆ ಆರು ಗೋಡೆ, ಆರೂ ಸಮ. ನನ್ನ ಗೋಡೆಯೇ ನಿನ್ನ ಗೋಡೆ."

ಎಲ್ಲರೂ ಕೆಡವಿ ಕಟ್ಟತೊಡಗಿದರು. ಸಂಪಿ ಒಬ್ಬಳೇ ಬಾಗಿಲಲ್ಲಿ ನಿಂತಳು.

"ಅಜ್ಜೀ, ನನ್ನದೊಂದು ಹೀಗೇ ಇರಲಿ."

"ಓಹೋ, ಅರಮನೆಯಲ್ಲವೇ ಇವಳದು!" ಎಂದಳು ಪಕ್ಕದವಳು.

ಕೆಂಚಜ್ಜಿ ಬೈಯಲಿಲ್ಲ. ಮೀಸೆಯಿಂದ ಕೆಳಗೆ ತೋರಿಸಿದಳು. ದುಂಡು ಗೋಡೆಯ ಸಂದಿನಲ್ಲಿ ಒಂದು ಇರುವೆ ಇಳಿಯುತ್ತಿತ್ತು. ಅದರ ಕೆಳಗೆ, ಮುಚ್ಚಳವಿಲ್ಲದ ಮನೆಯಲ್ಲಿ, ಕಣ್ಣು ಬಿಡದ ಮರಿಯೊಂದು ಬಾಯಿ ತೆರೆದು ಕಾದಿತ್ತು.

ಸಂಪಿ ಇರುವೆಯನ್ನು ಓಡಿಸಿದಳು. ಆಮೇಲೆ ಗೋಡೆಗೆ ಎದೆ ಒತ್ತಿ ನಿಂತಳು. ಅವಳ ಬಿಸಿಗೆ ಅಮ್ಮನ ಮೇಣ ಮೆಲ್ಲಗೆ ಸಡಿಲಿತು.

"ಆ ಮೇಣ ತೆಗೆದುಕೊಂಡು ಅಂಚಿಗೆ ಹೋಗು ಮಗಳೇ" ಎಂದಳು ಕೆಂಚಜ್ಜಿ. "ಅಲ್ಲಿ ಹೊರಗಡೆ ನೆರೆಯವರಿಲ್ಲ. ನೆರೆಯಿಲ್ಲದ ಗೋಡೆಗೆ ಅಳತೆಯೂ ಇಲ್ಲ."

ಸಂಪಿ ಅಂಚಿನಲ್ಲಿ ಮನೆ ಕಟ್ಟಿದಳು. ನೆರೆಯ ಕಡೆ ಮೀಸೆ ಹಿಡಿದು ಅಳೆದಳು. ಹೊರಗಿನ ಗೋಡೆಯನ್ನು ಮಾತ್ರ ಕಣ್ಣು ಮುಚ್ಚಿ, ನೆನಪಿನಿಂದ ಬಾಗಿಸಿದಳು.

ಮಳೆ ಬಂತು. ಒಂದು ತೊಟ್ಟೂ ಸೋರಲಿಲ್ಲ. ಮರಿಗಳು ಉಂಡು ಮಲಗಿದವು. ಸಂಪಿ ಬಾಗಿದ ಗೋಡೆಗೆ ಬೆನ್ನು ಕೊಟ್ಟು, ಹೊರಗೆ ರೆಕ್ಕೆಯ ಸದ್ದಾಗುತ್ತದೆಯೇ ಎಂದು ಕೇಳುತ್ತಾ ಕೂತಳು.

ಜೇನುಹುಟ್ಟಿನ ತುಂಡು ಕೈಗೆ ಸಿಕ್ಕರೆ ನೋಡು ಮಗು: ಒಳಗಿನ ಮನೆಗಳೆಲ್ಲ ಆರು ಗೋಡೆ, ಒಂದೇ ಅಳತೆ, ಅಂಚಿನ ಮನೆಗಳ ಹೊರಗೋಡೆ ಮಾತ್ರ ಇಂದಿಗೂ ಯಾರಿಗೋ ಕಾದಂತೆ ದುಂಡಗೆ ಬಾಗಿರುತ್ತದೆ.